‘ದಿ ಸೇಫ್ಟಿ ಡ್ಯಾನ್ಸ್’ ವಿಡಿಯೊವನ್ನು ನಿಧಾನವಾಗಿ ನೋಡುವ ಬಗೆ

ಕೆನಡಾದ ಮಾಂಟ್ರಿಯಲ್ ನಗರದ ಮೆನ್ ವಿಥೌಟ್ ಹ್ಯಾಟ್ಸ್ ತಂಡದ ‘ದಿ ಸೇಫ್ಟಿ ಡ್ಯಾನ್ಸ್’ ಹಾಡಿನ ವಿಡಿಯೊ ಇರುವುದು ಸುಮಾರು ಮೂರು ನಿಮಿಷ. ಮೊದಲ ಸಲ ನೋಡಿದವರು ಸಾಮಾನ್ಯವಾಗಿ ನಗುತ್ತಾರೆ, ಮತ್ತೊಮ್ಮೆ ಹಾಕಿಸಿಕೊಂಡು ನೋಡುತ್ತಾರೆ, ಆಮೇಲೆ ಮುಂದಿನ ಹಾಡಿಗೆ ಹೋಗುತ್ತಾರೆ. ನಗು ಬಂದದ್ದೇಕೆ ಎಂದು ಕೇಳಿದರೆ ‘ಏನೋ ವಿಚಿತ್ರವಾಗಿದೆ’ ಎನ್ನುವುದರಾಚೆಗೆ ಮಾತು ಮುಂದುವರಿಯುವುದಿಲ್ಲ. ಆ ವಿಚಿತ್ರವನ್ನು ಬಿಡಿಸಿ ನೋಡುವ ಒಂದು ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ಒಂದು ಗಂಟೆಯ ಬಿಡುವು, ಒಂದು ನೋಟ್‌ಬುಕ್ಕು ಮತ್ತು ಒಂದು ಪೆನ್ಸಿಲ್ ಸಾಕು. ಸಂಗೀತದ ಅಥವಾ ಸಿನಿಮಾದ ತರಬೇತಿ ಬೇಕಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಅದನ್ನು ನೀವೇ ಪರೀಕ್ಷಿಸಲೆಂದು ಇರುವುದು. ಈ ವಿಡಿಯೊ ಯಾರನ್ನೂ ಹಾಸ್ಯ ಮಾಡುವುದಿಲ್ಲ. ಡ್ಯಾನ್ಸ್ ಕ್ಲಬ್ಬೊಂದರಲ್ಲಿ ‘ಹೀಗೆ ಕುಣಿಯಬೇಡ’ ಎನ್ನಿಸಿಕೊಂಡವನ ಹಾಡನ್ನು ಎತ್ತಿಕೊಂಡು ಹೋಗಿ, ಹಿಂದೊಮ್ಮೆ ತಾನೂ ‘ಕುಣಿಯಬೇಡ’ ಎನ್ನಿಸಿಕೊಂಡಿದ್ದ ಒಂದು ಹಳೆಯ ಕುಣಿತದ ಮಧ್ಯದಲ್ಲಿ ಅದು ಇಡುತ್ತದೆ. ಎರಡೂ ಒಂದರ ಪಕ್ಕದಲ್ಲೊಂದು ನಿಂತು, ಮನಸಾರೆ, ಸ್ವಲ್ಪವೂ ಸಂಕೋಚವಿಲ್ಲದೆ ಕುಣಿಯುತ್ತವೆ. ನಗು ಹುಟ್ಟುವುದು ಆ ಸಂಕೋಚವಿಲ್ಲದಿರುವಿಕೆಯಿಂದ.

ಸರಿಯಾದ ಪ್ರತಿಯನ್ನು ಆರಿಸಿಕೊಳ್ಳುವುದು

ತಂಡದ ಅಥವಾ ಧ್ವನಿಮುದ್ರಣ ಸಂಸ್ಥೆಯ ಅಧಿಕೃತ ಚಾನೆಲ್ಲಿನಲ್ಲಿರುವ ಪ್ರತಿಯನ್ನೇ ನೋಡಿ. ಈ ವಿಡಿಯೊ ಬಂದ 1980ರ ದಶಕದ ಆರಂಭದಲ್ಲಿ ದೂರದರ್ಶನ ಪರದೆಯ ಅಗಲ ಮತ್ತು ಎತ್ತರದ ಪ್ರಮಾಣ ನಾಲ್ಕಕ್ಕೆ ಮೂರರಷ್ಟಿತ್ತು. ಇಂದಿನ ಅಗಲವಾದ ಪರದೆಯಲ್ಲಿ ಎರಡೂ ಪಕ್ಕಗಳಲ್ಲಿ ಕಪ್ಪು ಪಟ್ಟಿ ಕಾಣಿಸಿದರೆ ಚಿತ್ರ ಸರಿಯಾಗಿದೆಯೆಂದು ಅರ್ಥ. ಪಟ್ಟಿಯಿಲ್ಲದೆ ಪರದೆ ತುಂಬಿದ್ದರೆ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿರಬಹುದು ಅಥವಾ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಕತ್ತರಿಸಿರಬಹುದು. ಕುಣಿತದ ವಿಡಿಯೊದಲ್ಲಿ ಕೆಳಗಿನ ಅಂಚು ಕತ್ತರಿಸಿಹೋದರೆ ಕಾಲುಗಳೇ ಕಾಣದಾಗುತ್ತವೆ. ಟಿವಿಯಲ್ಲಿ ನೋಡುವುದಾದರೆ ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ನಿಲ್ಲಿಸಿರಿ. ಈ ವಿಡಿಯೊದ ಮೈಚಲನೆಗಳು ಗಕ್ಕನೆ ಆರಂಭವಾಗಿ ಗಕ್ಕನೆ ನಿಲ್ಲುವಂಥವು. ಯಂತ್ರವು ನಡುವೆ ಕೃತಕ ಚಿತ್ರಗಳನ್ನು ಸೇರಿಸಿದರೆ ಆ ಗಡಸುತನ ಕರಗಿಹೋಗುತ್ತದೆ.

ಕಂಪ್ಯೂಟರಿನಲ್ಲಿ ಯೂಟ್ಯೂಬ್ ತೆರೆದು ನೋಡುವವರಿಗೆ ಒಂದು ಅನುಕೂಲವಿದೆ. ವಿಡಿಯೊವನ್ನು ನಿಲ್ಲಿಸಿದ ಮೇಲೆ ಕೀಲಿಮಣೆಯ ಅಲ್ಪವಿರಾಮದ ಕೀಲಿಯನ್ನು ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೂ, ಪೂರ್ಣವಿರಾಮದ ಕೀಲಿಯನ್ನು ಒತ್ತಿದರೆ ಒಂದು ಫ್ರೇಮ್ ಮುಂದಕ್ಕೂ ಚಿತ್ರ ಸರಿಯುತ್ತದೆ. ಮುಂದೆ ಇದರ ಅಗತ್ಯ ಬೀಳುತ್ತದೆ.

ಕಾಲವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು

ಎಂಟಿವಿ ಅಮೆರಿಕದಲ್ಲಿ ಪ್ರಸಾರ ಆರಂಭಿಸಿದ್ದು 1981ರ ಆಗಸ್ಟ್ 1ರಂದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಹಾಡಿನ ವಿಡಿಯೊಗಳನ್ನೇ ತೋರಿಸಬೇಕಾಗಿದ್ದ ಆ ವಾಹಿನಿಯ ಬಳಿ ಆಗ ಇದ್ದ ವಿಡಿಯೊಗಳ ಸಂಖ್ಯೆ ಕಡಿಮೆ. ಅಮೆರಿಕದ ಹೆಚ್ಚಿನ ತಂಡಗಳು ರೇಡಿಯೊ ಮತ್ತು ಪ್ರವಾಸವನ್ನೇ ನಂಬಿಕೊಂಡಿದ್ದವು. ಬ್ರಿಟನ್ನಿನಲ್ಲಿ ಮಾತ್ರ, ಕಲಾವಿದರು ಸ್ಟುಡಿಯೊಗೆ ಬರಲಾಗದಿದ್ದಾಗ ದೂರದರ್ಶನ ಕಾರ್ಯಕ್ರಮಗಳಿಗೆ ಕಳುಹಿಸಿಕೊಡಲೆಂದು ಹಾಡಿನ ಕಿರುಚಿತ್ರ ಮಾಡಿಸುವ ರೂಢಿ ಮೊದಲೇ ಬೆಳೆದಿತ್ತು. ಪಂಕ್ ಎಂಬ ಒರಟು ರಾಕ್ ಸಂಗೀತದ ಅಬ್ಬರ ಇಳಿದ ಮೇಲೆ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹೊರಡಿಸುವ ವಾದ್ಯ), ಚುರುಕಾದ ತಾಳ, ವೇಷಭೂಷಣದ ಹುಚ್ಚು ಮತ್ತು ಒಂದು ಬಗೆಯ ವಿನೋದಬುದ್ಧಿ ಇವುಗಳನ್ನು ಹಿಡಿದು ಬಂದ ನ್ಯೂ ವೇವ್ ತಂಡಗಳ ಬಳಿ ಇಂಥ ಚಿತ್ರಗಳು ಸಿದ್ಧವಾಗಿದ್ದವು. ಹೀಗಾಗಿ ರೇಡಿಯೊ ಕೇಂದ್ರಗಳು ಹೆಚ್ಚು ಲಕ್ಷ್ಯ ಕೊಡದಿದ್ದ ಹಾಡುಗಳು ಅಮೆರಿಕದ ಮನೆಮನೆಗಳಲ್ಲಿ ಕಾಣಿಸತೊಡಗಿದವು. ಭಾರತಕ್ಕೆ ಎಂಟಿವಿ ಬಂದದ್ದು 1991ರಲ್ಲಿ, ಸ್ಟಾರ್ ವಾಹಿನಿಗಳ ಜೊತೆಯಲ್ಲಿ. ಅಷ್ಟರಲ್ಲಿ ಈ ಅಲೆ ಇಳಿದಾಗಿತ್ತು. ಆದ್ದರಿಂದ ನಮ್ಮಲ್ಲಿ ಅನೇಕರಿಗೆ ಈ ವಿಡಿಯೊಗಳು ಮೊದಲ ಬಾರಿ ಸಿಕ್ಕಿದ್ದೇ ಹಳೆಯ ನೆನಪುಗಳ ರೂಪದಲ್ಲಿ.

‘ದಿ ಸೇಫ್ಟಿ ಡ್ಯಾನ್ಸ್’ 1982ರ ‘ರಿದಮ್ ಆಫ್ ಯೂತ್’ ಆಲ್ಬಮ್ಮಿನ ಹಾಡು. ಬರೆದವರು ಮತ್ತು ಹಾಡಿದವರು ಐವನ್ ಡೊರೊಶುಕ್. 1983ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೂ ಬ್ರಿಟನ್ನಿನ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೂ ಏರಿತು. ವಿಡಿಯೊದ ನಿರ್ದೇಶಕರು ಇಂಗ್ಲೆಂಡಿನ ಟಿಮ್ ಪೋಪ್. ದಿ ಕ್ಯೂರ್ ಎಂಬ ಇಂಗ್ಲಿಷ್ ರಾಕ್ ತಂಡಕ್ಕಾಗಿ ಮಾಡಿದ ವಿಡಿಯೊಗಳಿಂದ ಅವರ ಹೆಸರು ಮುಂದೆ ಇನ್ನಷ್ಟು ಪರಿಚಿತವಾಯಿತು. ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದ ವೆಸ್ಟ್ ಕಿಂಗ್ಟನ್ ಎಂಬ ಹಳ್ಳಿಯಲ್ಲಿ. ತಂಡದ ಸದಸ್ಯರ ಪೈಕಿ ತೆರೆಯ ಮೇಲೆ ಕಾಣುವವರು ಡೊರೊಶುಕ್ ಒಬ್ಬರೇ. ಅಂದರೆ ವಾದ್ಯ ನುಡಿಸುವವರನ್ನು ತೋರಿಸುವ ಗೋಜಿಗೇ ಈ ವಿಡಿಯೊ ಹೋಗಿಲ್ಲ. ಈ ಸಂಗತಿ ಚಿಕ್ಕದಾಗಿ ಕಂಡರೂ ಮುಖ್ಯವಾದದ್ದು. ಕಾರಣ ಮುಂದೆ ಬರುತ್ತದೆ.

ಮೊದಲ ನೋಟ: ಧ್ವನಿಯಿಲ್ಲದೆ

ಧ್ವನಿಯನ್ನು ಪೂರ್ತಿ ಮುಚ್ಚಿ, ಆರಂಭದಿಂದ ಕೊನೆಯವರೆಗೆ ಎಲ್ಲಿಯೂ ನಿಲ್ಲಿಸದೆ ಒಮ್ಮೆ ನೋಡಿ. ಬರೆಯುವುದು ಬೇಡ. ನೋಡಿ ಮುಗಿದ ಕೂಡಲೇ, ಕಂಡದ್ದನ್ನು ನೆನಪಿನಿಂದ ಐದಾರು ವಾಕ್ಯಗಳಲ್ಲಿ ಬರೆದುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಬಹುಶಃ ಇವು ಇರುತ್ತವೆ: ಹಳೆಯ ಲಾವಣಿಗಾರನಂತೆ ವೇಷ ತೊಟ್ಟ, ಉದ್ದ ಕೂದಲಿನ ಒಬ್ಬ ತರುಣ, ಅವನ ಜೊತೆಗೆ ಜಿಗಿಯುತ್ತ ಸಾಗುವ ಗಿಡ್ಡ ಕಾಯದ ಸಂಗಾತಿ, ಹೊಂಬಣ್ಣದ ಕೂದಲಿನ ಒಬ್ಬ ತರುಣಿ, ಒಂದು ಹಳ್ಳಿ, ನೆಟ್ಟ ಕಂಬ, ಬೊಂಬೆಯಾಟ, ಸಾಲಾಗಿ ಕುಣಿಯುವ ಗಂಡಸರು, ಮತ್ತೆ ಮತ್ತೆ ಬರುವ ಒಂದು ವಿಲಕ್ಷಣ ತೋಳಿನ ಭಂಗಿ.

ಆಮೇಲೆ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ಯಾವ ಶತಮಾನದ ಕಥೆ? ಮೂಕಿ ಚಿತ್ರವಾಗಿ ನೋಡಿದರೆ ಇದು ಮಧ್ಯಯುಗದ ಯಾವುದೋ ಇಂಗ್ಲಿಷ್ ಜಾತ್ರೆಯೆಂದು ನಂಬುವುದು ಕಷ್ಟವಲ್ಲ. ಮುಖಗಳನ್ನೂ ನೆನಪಿಸಿಕೊಳ್ಳಿ. ‘ಇದೆಲ್ಲ ತಮಾಷೆ, ನೀವೂ ನಾವೂ ಬಲ್ಲೆವು’ ಎಂಬ ಸೂಚನೆಯನ್ನು ಯಾರಾದರೂ ಕೊಟ್ಟರೇ? ನನಗೆ ಒಬ್ಬರೂ ಕಾಣಲಿಲ್ಲ. ಜಾತ್ರೆಯಲ್ಲಿರುವವರು ಜಾತ್ರೆಯಲ್ಲಿಯೇ ಇದ್ದಾರೆ.

ಎರಡನೆಯ ಸಲ: ಚಿತ್ರವಿಲ್ಲದೆ

ಈಗ ಪರದೆಯನ್ನು ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ಮಾತ್ರ ಕೇಳಿ. ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿ, ಗಡಿಯಾರ ನೋಡಿ ಹದಿನೈದು ಸೆಕೆಂಡುಗಳಲ್ಲಿ ಎಷ್ಟು ಪೆಟ್ಟು ಬಿತ್ತೆಂದು ಎಣಿಸಿ, ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ ಸುಮಾರು 100 ಪೆಟ್ಟು ಸಿಗುತ್ತದೆ. ಇದು ಓಟದ ವೇಗವಲ್ಲ. ಬಿರುಸಾಗಿ ನಡೆಯುವವನ ಹೆಜ್ಜೆಯ ವೇಗ. ವಿಡಿಯೊದ ಆರಂಭದಲ್ಲಿ ತರುಣನು ಬಯಲಿನಿಂದ ಊರಿನ ಕಡೆಗೆ ಸಾಗುವ ದೃಶ್ಯ ಅಷ್ಟು ಸಹಜವಾಗಿ ಹೊಂದುವುದು ಇದರಿಂದಲೇ.

ಧ್ವನಿಯಲ್ಲಿ ಇನ್ನೆರಡು ಅಂಶಗಳನ್ನು ಗಮನಿಸಿ. ಸಿಂಥಸೈಜರಿನ ಸ್ವರಪಂಕ್ತಿ ಚಿಕ್ಕದು, ಮೊನಚಾದದ್ದು, ಯಂತ್ರದಂತೆ ತಪ್ಪದೆ ಮರಳಿ ಬರುವಂಥದು. ಅದರ ಮೇಲೆ ಬರುವ ಡೊರೊಶುಕ್ ಅವರ ಕಂಠವಾದರೋ ತಗ್ಗಿನ ಸ್ಥಾಯಿಯ, ಗಂಭೀರವಾದ, ಪ್ರಕಟಣೆ ಓದುವವನ ಕಂಠ. ಬಯಸಿದರೆ ನಾವು ಕುಣಿಯಬಹುದು, ಕುಣಿಯದವರನ್ನು ಅವರ ಪಾಡಿಗೆ ಬಿಟ್ಟು ಹೊರಡಬಹುದು ಎಂಬಷ್ಟೇ ಹಗುರವಾದ ಮಾತನ್ನು ಆ ಕಂಠ ರಾಜಶಾಸನದಂತೆ ಹೇಳುತ್ತದೆ. ಹಾಸ್ಯದ ಮೊದಲ ಬೀಜ ಇಲ್ಲಿದೆ, ಚಿತ್ರ ಇನ್ನೂ ಆರಂಭವಾಗುವ ಮೊದಲೇ.

ಹಾಡಿನ ಹಿನ್ನೆಲೆಯನ್ನು ಡೊರೊಶುಕ್ ಅವರೇ ಹೇಳಿದ್ದಾರೆ. ಡಿಸ್ಕೊ ಇಳಿಯುತ್ತ ನ್ಯೂ ವೇವ್ ಏರುತ್ತಿದ್ದ ದಿನಗಳಲ್ಲಿ, ಹೊಸ ಹಾಡು ಬಂದಾಗ ಕೆಲವರು ನಿಂತಲ್ಲಿಯೇ ಮೇಲಕ್ಕೂ ಕೆಳಕ್ಕೂ ಜಿಗಿಯುವ, ಪಕ್ಕದವರಿಗೆ ಮೈ ತಾಗಿಸುವ ‘ಪೋಗೊ’ ಕುಣಿತ ಕುಣಿಯುತ್ತಿದ್ದರು. ಜೋಡಿಜೋಡಿಯಾಗಿ ಅಂದವಾಗಿ ಕುಣಿಯುವವರ ನಡುವೆ ಇದು ಅಪಾಯವೆಂದು ಕ್ಲಬ್ಬಿನ ಕಾವಲುಗಾರರು ಅವರನ್ನು ಹೊರಗೆ ಕಳುಹಿಸುತ್ತಿದ್ದರು. ‘ನಾವು ಕುಣಿಯುವುದು ಅಪಾಯವಲ್ಲ’ ಎಂಬುದೇ ಹಾಡಿನ ಶೀರ್ಷಿಕೆಯ ನೇರ ಅರ್ಥ. ಈ ಶೀರ್ಷಿಕೆಗೆ ಬೇರೆ ಬೇರೆ ಗೂಢಾರ್ಥಗಳನ್ನು ಹಚ್ಚಿದವರು ಬಹಳ ಮಂದಿ ಇದ್ದಾರೆ. ನಿಮ್ಮ ಟಿಪ್ಪಣಿಯಲ್ಲಿ ಅವುಗಳಿಗೆ ಜಾಗ ಕೊಡದಿದ್ದರೂ ನಷ್ಟವಿಲ್ಲ. ಹೊರಹಾಕಿಸಿಕೊಂಡ ಕುಣಿತಗಾರನ ದೂರು ಎಂಬ ಸರಳ ಅರ್ಥವೇ ವಿಡಿಯೊವನ್ನು ಎಲ್ಲಕ್ಕಿಂತ ಚೆನ್ನಾಗಿ ಬೆಳಗುತ್ತದೆ.

ಮೂರನೆಯ ಸಲ: ಎರಡನ್ನೂ ಕೂಡಿಸಿ, ಬರೆಯುತ್ತ

ಈಗ ಧ್ವನಿ, ಚಿತ್ರ ಎರಡೂ ಇರಲಿ. ನೋಟ್‌ಬುಕ್ಕಿನ ಪುಟದಲ್ಲಿ ಎರಡು ಗೀಟು ಎಳೆದು ಮೂರು ಅಂಕಣ ಮಾಡಿಕೊಳ್ಳಿ. ಮೊದಲನೆಯದರಲ್ಲಿ ಸಮಯ, ಎರಡನೆಯದರಲ್ಲಿ ಕಂಡ ದೃಶ್ಯ, ಮೂರನೆಯದರಲ್ಲಿ ದೃಶ್ಯ ಬದಲಾದ ಗಳಿಗೆಯು ತಾಳದ ಪೆಟ್ಟಿನ ಮೇಲೆ ಬಿತ್ತೋ, ಅದಕ್ಕಿಂತ ಮೊದಲು ಬಿತ್ತೋ, ತಡವಾಗಿ ಬಿತ್ತೋ ಎಂಬ ಗುರುತು. ಇಡೀ ವಿಡಿಯೊವನ್ನು ಹೀಗೆ ಬರೆಯಲು ಹೋದರೆ ಬೇಸರವಾಗುತ್ತದೆ. ಮೊದಲ ನಲವತ್ತು ಸೆಕೆಂಡು ಮತ್ತು ಕೊನೆಯ ಮೂವತ್ತು ಸೆಕೆಂಡು ಸಾಕು. ತಾಳವನ್ನು ಎಡಗೈಯಲ್ಲಿ ತಟ್ಟುತ್ತ, ದೃಶ್ಯ ಬದಲಾದಾಗಲೆಲ್ಲ ಬಲಗೈಯಿಂದ ಒಂದು ಗೀರು ಎಳೆಯುವ ಅಭ್ಯಾಸ ಮೊದಲು ತಡವರಿಸಿದರೂ ನಾಲ್ಕನೆಯ ಪ್ರಯತ್ನದ ಹೊತ್ತಿಗೆ ಕೈಗೆ ಹತ್ತುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿ ಈ ಕೆಲಸ ಮಾಡಬೇಡಿ. ತಾಳವು ಮೈಯಲ್ಲಿ ಇಳಿಯಬೇಕಾದರೆ ಅದು ತನ್ನ ನಿಜವಾದ ವೇಗದಲ್ಲಿರಬೇಕು.

ಬರೆದ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ವಿಡಿಯೊದ ಕಟ್ಟಡ ಕಾಣಿಸುತ್ತದೆ. ಆರಂಭದಲ್ಲಿ ಬೆರಳೆಣಿಕೆಯಷ್ಟು ಜನ, ಹಿಂದೆ ವಿಶಾಲವಾದ ಬಯಲು. ಮುಂದೆ ಊರು, ಆಮೇಲೆ ಊರಿನ ಜನ, ಕೊನೆಗೆ ಎಲ್ಲರೂ ಕೂಡಿದ ಕುಣಿತ. ಕಥೆಯೆಂದು ಹೇಳಲು ಇಷ್ಟೇ ಇದೆ: ಒಬ್ಬನು ಕುಣಿಯುತ್ತ ಬಂದ, ಊರು ಸೇರಿಕೊಂಡಿತು. ಕ್ಲಬ್ಬಿನಿಂದ ಹೊರಹಾಕಿಸಿಕೊಂಡವನ ಹಾಡಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಊಹಿಸಲಾರೆ, ಏಕೆಂದರೆ ಇಲ್ಲಿ ಹೊರಹಾಕುವವನೇ ಇಲ್ಲ. ವಾದ್ಯಗಾರರನ್ನು ತೋರಿಸದಿರುವುದಕ್ಕೂ ಇದೇ ಕಾರಣವೆಂದು ನನಗೆ ತೋರುತ್ತದೆ. ಸಿಂಥಸೈಜರ್ ಹಿಡಿದು ನಿಂತ ನಾಲ್ವರು ಹುಲ್ಲುಗಾವಲಿನಲ್ಲಿ ಕಾಣಿಸಿದ್ದರೆ ನಾವು ನೋಡುತ್ತಿರುವುದು ಒಂದು ತಂಡದ ಪ್ರದರ್ಶನವಾಗುತ್ತಿತ್ತು, ನೋಡುವವರು ಬೇರೆ, ಆಡುವವರು ಬೇರೆ ಆಗುತ್ತಿದ್ದರು. ಸಂಗೀತ ಎಲ್ಲಿಂದ ಬರುತ್ತಿದೆಯೆಂದು ತಿಳಿಯದಿರುವಾಗ ಅದು ಊರಿನದೇ ಆಗುತ್ತದೆ.

ಜಾತ್ರೆಯ ವಸ್ತುಗಳನ್ನು ಗುರುತಿಸುವುದು

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಇಂಗ್ಲೆಂಡಿನ ಜನಪದ ಆಚರಣೆಗಳು ನಮಗೆ ದೂರದವು. ಅವುಗಳ ಹೆಸರು ತಿಳಿಯದಿದ್ದರೆ ವಿಡಿಯೊ ಬರೀ ಬಣ್ಣದ ಗದ್ದಲವಾಗಿ ಉಳಿಯುತ್ತದೆ.

ಸಾಲಾಗಿ ಕುಣಿಯುವ ಗಂಡಸರದು ಮಾರಿಸ್ ನೃತ್ಯ. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಬೀಸುತ್ತ ಅಥವಾ ಕೋಲಿಗೆ ಕೋಲು ತಾಕಿಸುತ್ತ ಕುಣಿಯುವ ಈ ನೃತ್ಯದ ಅತಿ ಹಳೆಯ ಇಂಗ್ಲಿಷ್ ದಾಖಲೆ 1448ರದು. ಲಂಡನ್ನಿನ ಅಕ್ಕಸಾಲಿಗರ ಸಂಘವು ಮಾರಿಸ್ ಕುಣಿತಗಾರರಿಗೆ ಹಣ ಕೊಟ್ಟ ಲೆಕ್ಕ ಅದು. ವಿಡಿಯೊದಲ್ಲಿರುವವರು ವೇಷ ಹಾಕಿಸಿದ ನಟರಲ್ಲ, ಹತ್ತಿರದ ಚಿಪ್ಪನಮ್ ಪಟ್ಟಣದ ನಿಜವಾದ ಮಾರಿಸ್ ತಂಡದವರು. ಅವರ ಕಾಲುಗಳನ್ನು ನೋಡಿದರೆ ಇದು ತಿಳಿಯುತ್ತದೆ: ವರ್ಷಗಟ್ಟಲೆ ಕುಣಿದವರ ಹೆಜ್ಜೆಯಲ್ಲಿ ಇರುವ ಸಲೀಸು, ಒಂದು ದಿನ ಕಲಿತವರ ಹೆಜ್ಜೆಯಲ್ಲಿ ಇರುವುದಿಲ್ಲ. ಕೋಲಾಟ ನೋಡಿ ಬೆಳೆದ ಕನ್ನಡಿಗರ ಕಣ್ಣಿಗೆ ಕೋಲಿನ ಮಾರಿಸ್ ಕುಣಿತ ತಕ್ಷಣ ಹತ್ತಿರವೆನಿಸುತ್ತದೆ. ಎರಡಕ್ಕೂ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ. ಕೈಗೆ ಒಂದು ಕೋಲು, ಕಾಲಿಗೆ ಒಂದು ತಾಳ, ಎದುರಿಗೆ ಒಬ್ಬ ಜೊತೆಗಾರ ಸಿಕ್ಕರೆ ಮನುಷ್ಯನ ಮೈ ಹೋಗುವ ದಾರಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ.

ನೆಟ್ಟ ಕಂಬವು ಮೇಪೋಲ್, ಅಂದರೆ ಮೇ ತಿಂಗಳ ಹಬ್ಬದ ಕಂಬ. ಕಂಬದ ತುದಿಯಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳನ್ನು ಹಿಡಿದು ಒಬ್ಬರನ್ನೊಬ್ಬರು ದಾಟುತ್ತ ಸುತ್ತುವಾಗ ಪಟ್ಟಿಗಳು ಜಡೆಯಾಗಿ ಹೆಣೆದುಕೊಳ್ಳುವ ಆಟ ನಮ್ಮ ಜಡೆ ಕೋಲಾಟವನ್ನು ನೋಡಿದವರಿಗೆ ಹೊಸದಲ್ಲ. ಆದರೆ ಇಂಗ್ಲೆಂಡಿನಲ್ಲಿ ಪಟ್ಟಿ ಹೆಣೆಯುವ ಈ ಕ್ರಮ ವ್ಯಾಪಕವಾದದ್ದು 19ನೆಯ ಶತಮಾನದಲ್ಲಿ. ಅದಕ್ಕಿಂತ ಹಳೆಯ ಕಾಲದಲ್ಲಿ ಜನರು ಅಲಂಕರಿಸಿದ ಕಂಬದ ಸುತ್ತ ಸುಮ್ಮನೆ ವೃತ್ತಾಕಾರದಲ್ಲಿ ಕುಣಿಯುತ್ತಿದ್ದರು.

ಮೂರನೆಯದು ಪಂಚ್ ಮತ್ತು ಜೂಡಿ ಬೊಂಬೆಯಾಟ. ಕೊಕ್ಕೆ ಮೂಗಿನ, ಕೋಲು ಬೀಸುವ ಪಂಚ್ ಇಟಲಿಯ ಹಾಸ್ಯ ನಾಟಕದ ಪುಲ್ಚಿನೆಲ್ಲಾ ಪಾತ್ರದ ವಂಶದವನು. ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಆ ಬೊಂಬೆಯಾಟವನ್ನು ಕಂಡುದಾಗಿ ಆ ಕಾಲದ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತಮ್ಮ ದಿನಚರಿಯಲ್ಲಿ ಬರೆದದ್ದು 1662ರ ಮೇ 9ರಂದು.

ಈಗ ಲೆಕ್ಕ ಹಾಕಿ ನೋಡಿ. ಮಧ್ಯಯುಗದ ಅಂಗಿ, 15ನೆಯ ಶತಮಾನದಲ್ಲಿ ದಾಖಲಾದ ನೃತ್ಯ, 17ನೆಯ ಶತಮಾನದ ಬೊಂಬೆ, 19ನೆಯ ಶತಮಾನದ ಪಟ್ಟಿಯಾಟ, 1982ರ ಸಿಂಥಸೈಜರ್. ಧ್ವನಿಯಿಲ್ಲದೆ ನೋಡಿದಾಗ ಒಂದೇ ಕಾಲದ್ದೆಂದು ಕಂಡ ಜಾತ್ರೆ ನಿಜಕ್ಕೂ ಹಲವು ಕಾಲಗಳ ಕೂಟ. ಚಿತ್ರ ಮಾಡಿದವರು ಇದನ್ನು ಮರೆಮಾಚಿಲ್ಲ ಎಂಬುದಕ್ಕೆ ಒಂದು ಸಾಕ್ಷಿಯನ್ನು ನೀವೇ ಹುಡುಕಬೇಕು. ತರುಣನ ಸಂಗಾತಿಯ ಎದೆಯನ್ನು ಗಮನಿಸುತ್ತ ಒಂದೊಂದೇ ಫ್ರೇಮ್ ಸರಿಸಿರಿ. ಅವನು ತೊಟ್ಟಿರುವ ಟೀ ಶರ್ಟಿನ ಮೇಲೆ ಇರುವುದು ‘ರಿದಮ್ ಆಫ್ ಯೂತ್’ ಆಲ್ಬಮ್ಮಿನ ಮುಖಚಿತ್ರ. ವೇಗವಾಗಿ ನೋಡುವಾಗ ಕಣ್ಣು ಇದನ್ನು ವಿದೂಷಕನ ಉಡುಪಿನ ಒಂದು ಬಣ್ಣವೆಂದು ನುಂಗಿಬಿಡುತ್ತದೆ.

ನನಗೆ ಬಹಳ ಪ್ರಿಯವಾದ ಅಂಶ ಕಂಬದ್ದು. 1644ರಲ್ಲಿ, ಅಂತರ್ಯುದ್ಧದ ನಡುವೆ, ಇಂಗ್ಲೆಂಡಿನ ಪಾರ್ಲಿಮೆಂಟು ದೇಶದಲ್ಲಿರುವ ಮೇಪೋಲುಗಳನ್ನೆಲ್ಲ ಕಿತ್ತುಹಾಕಬೇಕೆಂದು ಕಟ್ಟಳೆ ಹೊರಡಿಸಿತು. ಕಂಬದ ಸುತ್ತ ಕುಣಿಯುವುದು ಅನ್ಯಧರ್ಮದ ಪೊಳ್ಳು ಆಚರಣೆ, ಮೂಢನಂಬಿಕೆಗೂ ದುರ್ನಡತೆಗೂ ದಾರಿ ಎಂಬುದು ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರಾದ ಪ್ಯೂರಿಟನ್ನರ ನಿಲುವಾಗಿತ್ತು. 1660ರಲ್ಲಿ ಅರಸೊತ್ತಿಗೆ ಮರಳಿ, ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದ ಮೇಲೆ ಕಂಬಗಳೂ ಮರಳಿದವು. 1661ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿ ಎತ್ತರದ ಕಂಬವನ್ನು ನಿಲ್ಲಿಸಿದರು. ನಿಷೇಧಿಸಿದ್ದಕ್ಕೆ ಅಷ್ಟು ಎತ್ತರದ ಪ್ರತ್ಯುತ್ತರ! ಕುಣಿತ ಅಪಾಯಕಾರಿ ಎನ್ನಿಸಿಕೊಂಡ 1980ರ ಸುಮಾರಿನ ಯುವಕರ ಹಾಡನ್ನು ಈ ಕಂಬದ ಬುಡಕ್ಕೆ ತಂದು ನಿಲ್ಲಿಸಿದ್ದು ನಿರ್ದೇಶಕರ ಉದ್ದೇಶವೇ ಇರಲಿ, ಅಂತಃಪ್ರೇರಣೆಯೇ ಇರಲಿ, ಎರಡು ನಿಷೇಧಗಳು ಇಲ್ಲಿ ಎದುರುಬದುರಾಗಿವೆ. ಇದನ್ನು ತಿಳಿದು ಮತ್ತೊಮ್ಮೆ ಕಂಬದ ದೃಶ್ಯವನ್ನು ನೋಡಿ. ನಗು ಕಡಿಮೆಯಾಗುವುದಿಲ್ಲ, ಅದರೊಳಗೆ ಒಂದು ಗೆಲುವಿನ ಸುಖ ಸೇರಿಕೊಳ್ಳುತ್ತದೆ.

ಸಂಗಾತಿಯ ಪಾತ್ರದ ಬಗ್ಗೆ ಒಂದು ಮಾತು

ಆ ಸಂಗಾತಿಯ ಪಾತ್ರಧಾರಿ ಬ್ರಿಟಿಷ್ ನಟ ಮೈಕ್ ಎಡ್ಮಂಡ್ಸ್. 1981ರ ‘ಟೈಮ್ ಬ್ಯಾಂಡಿಟ್ಸ್’ ಚಿತ್ರದ ಕಾಲಚೋರರಲ್ಲಿ ಒಬ್ಬರಾಗಿಯೂ, 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದಲ್ಲಿ ಲೋಗ್ರೇ ಎಂಬ ಪಾತ್ರವಾಗಿಯೂ ಅಭಿನಯಿಸಿದವರು. ಗಿಡ್ಡ ಕಾಯದವರನ್ನು ಅರಮನೆಯ ವಿದೂಷಕರನ್ನಾಗಿ ಇಟ್ಟುಕೊಂಡು ನಗುತ್ತಿದ್ದ ಯೂರೋಪಿನ ಹಳೆಯ ಪದ್ಧತಿ ಕ್ರೂರವಾದದ್ದು, ಮತ್ತು ಈ ವೇಷ ಆ ಪದ್ಧತಿಯ ನೆನಪನ್ನು ತರುತ್ತದೆ. ಆದ್ದರಿಂದ ನೋಡುವವರು ಈ ಪ್ರಶ್ನೆಯನ್ನು ತಪ್ಪಿಸಬಾರದು: ನಾವು ಅವರ ಜೊತೆ ನಗುತ್ತಿದ್ದೇವೆಯೇ, ಅವರನ್ನು ನೋಡಿ ನಗುತ್ತಿದ್ದೇವೆಯೇ? ಪರೀಕ್ಷೆ ಮಾಡಲು, ಒಂದು ಸಲ ಬೇರೆ ಯಾರನ್ನೂ ಗಮನಿಸದೆ ಎಡ್ಮಂಡ್ಸ್ ಅವರನ್ನೇ ಹಿಂಬಾಲಿಸಿ ವಿಡಿಯೊ ನೋಡಿ. ಅವರು ಎಲ್ಲಿಯೂ ಯಾರ ಕೀಟಲೆಗೂ ಗುರಿಯಾಗುವುದಿಲ್ಲ. ಕುಣಿತದ ಹುರುಪು ಅವರಿಂದಲೇ ಉಳಿದವರಿಗೆ ಹರಿಯುತ್ತದೆ, ಅವರ ಲಯ ಗಾಯಕನ ಲಯಕ್ಕಿಂತ ಚುರುಕಾಗಿದೆ. ನನ್ನ ತೀರ್ಮಾನ ವಿಡಿಯೊದ ಪರವಾಗಿದೆ. ಆದರೂ ವೇಷದ ಆಯ್ಕೆಯ ಬಗ್ಗೆ ಬೇರೊಬ್ಬರು ಬೇರೆ ತೀರ್ಮಾನಕ್ಕೆ ಬಂದರೆ ಅದನ್ನು ಗೌರವದಿಂದ ಕೇಳಬೇಕಾದದ್ದು ನ್ಯಾಯ.

ಭಂಗಿಯನ್ನು ಮೈಯಿಂದ ತಿಳಿಯುವುದು

ವಿಡಿಯೊದಲ್ಲಿ ಮರಳಿ ಮರಳಿ ಬರುವ ತೋಳಿನ ಭಂಗಿ ಇಂಗ್ಲಿಷಿನ ‘ಎಸ್’ ಅಕ್ಷರದ್ದು, ಅಂದರೆ ಶೀರ್ಷಿಕೆಯ ‘ಸೇಫ್ಟಿ’ ಪದದ ಮೊದಲ ಅಕ್ಷರದ್ದು. ಒಂದು ತೋಳು ಮೇಲಕ್ಕೆ ಬಾಗುತ್ತದೆ, ಇನ್ನೊಂದು ಕೆಳಕ್ಕೆ ಬಾಗುತ್ತದೆ. ಇದನ್ನು ಕನ್ನಡಿಯ ಮುಂದೆ ನಿಂತು ಮಾಡಿ ನೋಡಿ. ಮೊದಲು ಮೆಲ್ಲಗೆ, ನೃತ್ಯದ ಹಸ್ತದಂತೆ ತೇಲಿಸುತ್ತ ಮಾಡಿ. ಚೆಲುವಾಗಿ ಕಾಣುತ್ತದೆ, ನಗು ಬರುವುದಿಲ್ಲ. ಈಗ ತಾಳದ ಪೆಟ್ಟು ಬೀಳುವ ಕ್ಷಣದಲ್ಲಿಯೇ ಎರಡೂ ತೋಳುಗಳನ್ನು ಫಕ್ಕನೆ ಎಳೆದು, ಕಬ್ಬಿಣದ ಸರಳುಗಳಂತೆ ಬಿಗಿದು ನಿಲ್ಲಿಸಿ. ಅಲ್ಲಿಯೇ ಒಂದು ಪೆಟ್ಟು ಕಾಯಿರಿ. ಮುಖದಲ್ಲಿ ಯಾವ ಭಾವವೂ ಬೇಡ. ಸಿಂಥಸೈಜರಿನ ಯಾಂತ್ರಿಕ ಸ್ವರಕ್ಕೆ ಮೈಯೇ ಯಂತ್ರವಾಗಿ ಉತ್ತರ ಕೊಟ್ಟಂತಾಗುತ್ತದೆ, ಮತ್ತು ಆ ಯಂತ್ರ ನಿಂತಿರುವುದು ಹುಲ್ಲು ಬೆಳೆದ ಹಳ್ಳಿಯಲ್ಲಿ. ಮಾರಿಸ್ ನೃತ್ಯದ ಜಿಗಿತ ನೆಲದಿಂದ ಪುಟಿಯುವಂಥದು. ಈ ಭಂಗಿ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಲ್ಲುವಂಥದು. ಒಂದೇ ಚೌಕಟ್ಟಿನೊಳಗೆ ಎರಡು ಬಗೆಯ ಮೈಗಳು ಇರುವುದನ್ನು ಕಣ್ಣಿಗಿಂತ ತೋಳು ಬೇಗ ಅರಿಯುತ್ತದೆ.

ಪಕ್ಕದಲ್ಲಿಟ್ಟು ನೋಡಲು ಇನ್ನೊಂದು

ಕ್ರಮ ಕೈಗೆ ಹತ್ತಿದ ಮೇಲೆ ಅದೇ ಕಾಲದ ಮತ್ತೊಂದು ವಿಡಿಯೊವನ್ನು ಇದೇ ರೀತಿಯಲ್ಲಿ ನೋಡಿ. ಇಂಗ್ಲೆಂಡಿನ ಥಾಮಸ್ ಡಾಲ್ಬಿ ಅವರ 1982ರ ‘ಶಿ ಬ್ಲೈಂಡೆಡ್ ಮಿ ವಿತ್ ಸೈನ್ಸ್’ ತಕ್ಕ ಜೋಡಿ. ಅದರ ನಿರ್ದೇಶಕರೂ ಡಾಲ್ಬಿ ಅವರೇ. ವಿಡಿಯೊದ ದೃಶ್ಯಗಳನ್ನು ಅವರು ಮೊದಲು ಚಿತ್ರಿಸಿಕೊಂಡರು, ಹಾಡನ್ನು ಬರೆದದ್ದು ಅದರ ನಂತರ. ಹಾಡಿನ ವಿಡಿಯೊಗಳಲ್ಲಿ ಇದು ಅಪರೂಪ. ಬುದ್ಧಿ ಕೆಟ್ಟ ವಿಜ್ಞಾನಿಗಳ ಆಶ್ರಮವೊಂದರಲ್ಲಿ ನಡೆಯುವ ಆ ಕಥೆಯಲ್ಲಿ ನಿಜವಾದ ವಿಜ್ಞಾನಿಯೊಬ್ಬರು ಇದ್ದಾರೆ: ಆಹಾರ ವಿಜ್ಞಾನಿ ಮ್ಯಾಗ್ನಸ್ ಪೈಕ್. 1908ರಲ್ಲಿ ಹುಟ್ಟಿದ ಪೈಕ್, ತೋಳುಗಳನ್ನು ಗಾಳಿಯಂತ್ರದಂತೆ ಬೀಸುತ್ತ ವಿಜ್ಞಾನ ವಿವರಿಸುವ ಶೈಲಿಯಿಂದ ಬ್ರಿಟಿಷ್ ಟಿವಿ ವೀಕ್ಷಕರಿಗೆ ಮನೆಯವರಂತೆ ಪರಿಚಿತರಾಗಿದ್ದರು. ಅಮೆರಿಕದವರಿಗೆ ಅವರ ಪರಿಚಯ ಅಷ್ಟಾಗಿ ಇರಲಿಲ್ಲ. ಆದರೂ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 49ರ ಆಚೆ ಏರದೆ, ಅಮೆರಿಕದಲ್ಲಿ 5ನೆಯ ಸ್ಥಾನ ಮುಟ್ಟಿತು.

ಎರಡನ್ನೂ ಹೋಲಿಸುವಾಗ ಈ ಪ್ರಶ್ನೆಯನ್ನು ಮುಂದಿಟ್ಟುಕೊಳ್ಳಿ: ನಗಲು ಏನನ್ನು ಮೊದಲೇ ತಿಳಿದಿರಬೇಕು? ಪೈಕ್ ಯಾರೆಂದು ತಿಳಿಯದ ಅಮೆರಿಕದವರಿಗೂ, ಮಾರಿಸ್ ಎಂದರೇನೆಂದು ತಿಳಿಯದ ನಮಗೂ ನಗು ಬರುತ್ತದೆ. ಪರಿಚಯ ಇಲ್ಲದಿದ್ದರೂ ನಂಬಿಕೆ ಕಾಣುತ್ತದೆ. ಪೈಕ್ ತಮ್ಮ ವಿಜ್ಞಾನವನ್ನು ನಂಬಿದಷ್ಟೇ ಗಟ್ಟಿಯಾಗಿ ಚಿಪ್ಪನಮ್ಮಿನ ಗಂಡಸರು ತಮ್ಮ ಗೆಜ್ಜೆಯನ್ನು ನಂಬಿದ್ದಾರೆ. ವ್ಯತ್ಯಾಸವೂ ಇದೆ. ಡಾಲ್ಬಿ ಅವರ ವಿಡಿಯೊದಲ್ಲಿ ನಗು ಒಬ್ಬ ವ್ಯಕ್ತಿಯ ಸುತ್ತ ಕಟ್ಟಿದ್ದು, ಪೋಪ್ ಅವರ ವಿಡಿಯೊದಲ್ಲಿ ಊರಿನ ತುಂಬ ಹಂಚಿದ್ದು. ನನಗೆ ಎರಡನೆಯದೇ ಹೆಚ್ಚು ಹತ್ತಿರ.

ಬೇರೆಯವರಿಗೆ ತೋರಿಸುವಾಗ

ಮಕ್ಕಳಿಗೋ ಗೆಳೆಯರಿಗೋ ತೋರಿಸುವುದಾದರೆ ಕ್ರಮವನ್ನು ತಿರುವುಮುರುವು ಮಾಡಿ. ಮೊದಲು ಹಾಡನ್ನು ಮಾತ್ರ ಕೇಳಿಸಿ, ‘ಇದು ಎಲ್ಲಿ ನಡೆಯುತ್ತಿದೆ’ ಎಂದು ಪ್ರತಿಯೊಬ್ಬರೂ ಒಂದು ಚಿತ್ರ ಬರೆಯಲಿ. ಹೆಚ್ಚಿನ ಕಾಗದಗಳಲ್ಲಿ ರಾತ್ರಿ, ಬಣ್ಣದ ದೀಪ, ನಗರ ಇರುತ್ತವೆ. ಆ ಕಾಗದಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಏನನ್ನೂ ವಿವರಿಸದೆ ವಿಡಿಯೊ ಹಾಕಿ. ಹಗಲು ಬೆಳಕಿನ ಹುಲ್ಲುಗಾವಲು ತೆರೆಯ ಮೇಲೆ ಬಂದಾಗ ಅವರ ಮುಖಗಳನ್ನು ನೋಡಿ. 1644ರ ಕಟ್ಟಳೆಯ ವಿಷಯವನ್ನು ಮೊದಲೇ ಹೇಳಬೇಡಿ. ಮೊದಲ ನಗು ಪೂರ್ತಿಯಾಗಿ ಬಂದುಹೋಗಲಿ. ಅದಾದ ಮೇಲೆ ಕಂಬದ ಫ್ರೇಮಿನಲ್ಲಿ ನಿಲ್ಲಿಸಿ, ಅದನ್ನು ಕಿತ್ತುಹಾಕಿಸಿದವರ ಮತ್ತು ಮತ್ತೆ ನೆಟ್ಟವರ ಕಥೆ ಹೇಳಿ, ನಿಲ್ಲಿಸಿದ ಜಾಗದಿಂದ ಮುಂದುವರಿಸದೆ ಆರಂಭದಿಂದ ಮತ್ತೊಮ್ಮೆ ಹಾಕಿ. ಎರಡನೆಯ ಸಲ ಸಾಮಾನ್ಯವಾಗಿ ಯಾರಾದರೊಬ್ಬರು ಎದ್ದು ನಿಂತು ಆ ‘ಎಸ್’ ಭಂಗಿಯನ್ನು ಹಿಡಿಯಲು ನೋಡುತ್ತಾರೆ. ಆದ್ದರಿಂದ ಕುರ್ಚಿಗಳನ್ನು ಮೊದಲೇ ಗೋಡೆಗೆ ಸರಿಸಿಟ್ಟಿರಿ.